ನಲವತ್ತೊಂಬತ್ತನೆಯ ಜಾಗ

"ಸರ್, ಅವರು ಅಳೂದನ್ನ ನೀವು ಯಾವಾಗರೆ ನೋಡೀರೇನ್ರಿ?"

ಸಿನಿಮಾದ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ನನ್ನ ಅಂಗಿಗೆ ಒಂದು ಚಿಕ್ಕ ಮೈಕು ಸಿಗಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಳು. ವಿಜಾಪುರದವಳು, ಚುರುಕು ಹುಡುಗಿ. ಅವಳ ಜೊತೆಗಿದ್ದ ಕ್ಯಾಮೆರಾದ ಹುಡುಗ ಬೆಳಕು ಹೋಗುತ್ತದೆ ಎಂದು ಅವಸರ ಮಾಡುತ್ತಿದ್ದ. ನಾನು ಇಲ್ಲ ಎಂದೆ. ಅವಳ ಮುಖ ಸ್ವಲ್ಪ ಸಪ್ಪಗಾಯಿತು.

ಅವರಿಬ್ಬರೂ ಸಿನಿಮಾ ಮಾಡಲು ಹೊರಟಿದ್ದು ನನ್ನ ಹಳೆಯ ಗೆಳೆಯರೊಬ್ಬರ ಮೇಲೆ. ಅವರು ಹೋಗಿ ಎರಡು ತಿಂಗಳಾಯಿತು. ತೊಂಬತ್ತೊಂದು ವರ್ಷ ಬದುಕಿದರು. ಈ ಸೀಮೆಯಲ್ಲಿ ಅಂಥ ಗಣಿತದ ತಲೆ ನಾನು ಇನ್ನೊಂದು ನೋಡಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ಹೆಸರು ಹಾಜರಿ ಪುಸ್ತಕಕ್ಕ ಸಾಕು" ಎನ್ನುತ್ತಿದ್ದರು. ಆ ಮಾತಿಗೆ ಮರ್ಯಾದೆ ಕೊಡುತ್ತಿದ್ದೇನೆ.

ಹುಡುಗಿಯ ಕೈಯಲ್ಲಿ ಕಥೆ ಮೊದಲೇ ತಯಾರಾಗಿತ್ತು. ಬಡತನ, ಅವಮಾನ, ಬೀದಿ ದೀಪದ ಕೆಳಗೆ ಓದು, ಕಣ್ಣೀರು, ಕಡೆಗೆ ಅವಮಾನ ಮಾಡಿದವರೇ ಬಂದು ಹಾರ ಹಾಕಿ ಕಾಲು ಮುಟ್ಟುವುದು. ನನಗೆ ರೇಗಿತು. "ಬೇಟಾ, ಅವರ ಕೇರಿಯೊಳಗ ಬೀದೀನ ಇದ್ದಿಲ್ಲ, ಬೀದಿ ದೀಪ ಎಲ್ಲಿಂದ ಬರಬೇಕು? ಹಾರ ಹಾಕಾಕ ಯಾರೂ ಬರಲಿಲ್ಲ. ಬಂದಿದ್ರ ಇವರು ಕೊರಳು ಬಗ್ಗಸತಿದ್ದಿಲ್ಲ" ಎಂದೆ. ಅವಳು ನಕ್ಕಳು. "ಹಂಗಾದ್ರ ಇದ್ದದ್ದು ಇದ್ದಂಗ ಹೇಳ್ರಿ ಸರ್" ಎಂದಳು. ಹೇಳಿದೆ. ಎಷ್ಟನ್ನು ಅವಳು ಉಳಿಸಿಕೊಳ್ಳುತ್ತಾಳೋ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೂ ಇಡುತ್ತಿದ್ದೇನೆ.

ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಕೂಡಿ ಎರಡೋ ಮೂರೋ ವರ್ಷವಾಗಿತ್ತು. ಸಿಂದಗಿ ಕಡೆಯ ಒಂದು ದೊಡ್ಡ ಹಳ್ಳಿಯಲ್ಲಿ ಊರ ಗೌಡರೇ ಅಧ್ಯಕ್ಷರಾಗಿದ್ದ ಒಂದು ಹೈಸ್ಕೂಲು. ಊರಿನ ಹೆಸರನ್ನೂ ಬರೆಯುವುದಿಲ್ಲ, ಅಲ್ಲಿಯ ಈಗಿನ ಮಂದಿ ಒಳ್ಳೆಯವರು. ನಾನು ಅಲ್ಲಿ ಹಿಂದಿ ಮಾಸ್ತರನಾಗಿ ಸೇರಿದೆ. ಕೆಲಸ ಖಾಯಂ ಆಗಿರಲಿಲ್ಲ. ಒಂದು ವಾರ ಕೋಣೆ ಹುಡುಕಿದೆ. ಹೆಸರು ಕೇಳುವವರೆಗೆ ಎಲ್ಲರ ಮನೆಯಲ್ಲೂ ಕೋಣೆ ಖಾಲಿ ಇರುತ್ತಿತ್ತು, ಹೆಸರು ಕೇಳಿದ ಕೂಡಲೇ ಅಳಿಯ ಬರುವವನಿರುತ್ತಿದ್ದ. ಕಡೆಗೆ ಊರ ಅಂಚಿನಲ್ಲಿ ಒಂದು ಹಳೆಯ ಹತ್ತಿಯ ಗೋದಾಮಿನ ಪಕ್ಕದ ಕೋಣೆ ಸಿಕ್ಕಿತು. ಅದರಲ್ಲಿ ಆಗಲೇ ಒಬ್ಬರಿದ್ದರು. ಅವರಿಗೂ ಊರಲ್ಲಿ ಎಲ್ಲ ಮನೆಯ ಅಳಿಯಂದಿರೂ ಬಂದುಬಿಟ್ಟಿದ್ದರು.

ಎತ್ತರದ ಆಳು, ಬಡಕಲು ಮೈ, ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಶಾಲೆಯ ಡ್ರಿಲ್ ಮಾಸ್ತರರು. ಲಚ್ಯಾಣದ ಕಡೆಯ ಹಳ್ಳಿಯವರು, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ನಾನು ಟ್ರಂಕು ಇಳಿಸುತ್ತಿದ್ದಂತೆ ಎದ್ದು ನಿಂತು ಗೇಣಿನಿಂದ ನೆಲ ಅಳೆದರು. ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರು.

"ನಿಮ್ಮ ಕಡೆ ಕಿಡಕಿ ಐತಿ, ನನ್ನ ಕಡೆ ಬಾಗಲಾ ಐತಿ. ಕಿಡಕಿಗೆ ಎರಡು ಗೇಣು ಕಡಿಮಿ ಹಿಡದೇನಿ. ಅನ್ಯಾಯ ಅನಸಿದ್ರ ಈಗ ಹೇಳ್ರಿ" ಎಂದರು.

ನನಗೆ ಅನ್ಯಾಯ ಅನಿಸಲಿಲ್ಲ. ಒಂದು ವಾರದಲ್ಲಿ ಆ ಗೆರೆ ಕಾಲಡಿಯಲ್ಲಿ ಅಳಿಸಿಹೋಯಿತು, ಯಾರೂ ಮತ್ತೆ ಎಳೆಯಲಿಲ್ಲ. ಅವರ ಗೋಡೆಯಲ್ಲಿ ಬುದ್ಧನ ಚಿತ್ರವಿತ್ತು, ನನ್ನ ಗೋಡೆಯ ಮೊಳೆಗೆ ನಮಾಜಿನ ಚಾಪೆ. ರೊಟ್ಟಿ ಅವರು ಬಡಿಯುತ್ತಿದ್ದರು, ಪಲ್ಯ ನಾನು. ಅವರು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತಿತ್ತು. ನನ್ನ ಪಲ್ಯಕ್ಕೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ, ಅದನ್ನು ಅವರು ದಿನಾ ಹೇಳುತ್ತಿದ್ದರು.

ಧಾರವಾಡದಲ್ಲಿ ಗಣಿತ ಓದಿ ಡಿಗ್ರಿ ಮಾಡಿದ್ದ ಮನುಷ್ಯ ಡ್ರಿಲ್ ಮಾಸ್ತರ ಏಕಾದರು ಎಂದು ಕೇಳಿದ್ದೆ. ನಡುವೆ ಒಂದು ವರ್ಷ ಕವಾಯತಿನ ತರಬೇತಿಯನ್ನೂ ಮಾಡಿಕೊಂಡಿದ್ದರಂತೆ, ಅಲ್ಲಿ ಊಟ ಪುಕ್ಕಟೆ ಎಂಬ ಕಾರಣಕ್ಕೆ. ಅರ್ಜಿಯಲ್ಲಿ ಎರಡನ್ನೂ ಬರೆದರು. ಶಾಲೆಯವರು ಗಣಿತದ ಕಾಗದವನ್ನು ಮಡಿಚಿ ವಾಪಸು ಕೊಟ್ಟು ಕವಾಯತಿನ ಕಾಗದ ಇಟ್ಟುಕೊಂಡರು. "ಮೈದಾನ ಸಾಲಿ ಹೊರಗ ಐತಲ್ರಿ, ಅದಕ್ಕ" ಎಂದು ಹೇಳಿ ರೊಟ್ಟಿ ಮಗುಚಿ ಹಾಕಿದರು.

ಶಿಕ್ಷಕರ ಕೋಣೆಯಲ್ಲಿ ಒಂದು ನೀರಿನ ಕೊಡವಿತ್ತು. ಅವರು ಅದನ್ನು ಮುಟ್ಟಬಾರದು, ಶಾಲೆಯ ಸಿಪಾಯಿ ನೀರು ಎತ್ತಿ ಹಾಕಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಸಿಪಾಯಿ ಬೇಕೆಂದೇ ಹೊರಗೆ ಹೋಗುತ್ತಿದ್ದ. ಹದಿನೈದು ದಿನ ನೋಡಿದರು. ಒಂದು ಸೋಮವಾರ ಸಂತೆಯಿಂದ ಹೊಸ ಕೊಡ ತಂದು, ನೀರು ತುಂಬಿ, ಅದರ ಪಕ್ಕದಲ್ಲೇ ಇಟ್ಟು, ಮೇಲೆ ಸುಣ್ಣದಿಂದ ಬರೆದರು: "ಯಾರು ಬೇಕಾದರೂ ಕುಡಿಯಬಹುದು." ಹೆಡ್ ಮಾಸ್ತರರು ಅದನ್ನು ಓದಿ ಕನ್ನಡಕ ಒರೆಸಿಕೊಂಡರು. ಆ ಕೊಡದಿಂದ ಕುಡಿದವನು ನಾನೊಬ್ಬ. ಕುಡಿಯುವ ಮೊದಲು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಹಗೇವಿನ ಮಾತು ತೆಗೆಯದೆ ಇವರ ಮಾತು ಮುಗಿಯುವುದಿಲ್ಲ. ನಮ್ಮ ಕಡೆ ಜೋಳ ತುಂಬಿ ಮಣ್ಣು ಮುಚ್ಚಿಡುವ ನೆಲದೊಳಗಿನ ಗುಂಡಿಗೆ ಹಗೇವು ಎನ್ನುತ್ತೇವೆ. ಮೇಲೆ ಒಬ್ಬನೇ ಇಳಿಯುವಷ್ಟು ಬಾಯಿ, ಒಳಗೆ ದೊಡ್ಡ ಹೊಟ್ಟೆ. ತೆಗೆದ ಕೂಡಲೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ. ಕಂದೀಲು ಇಳಿಬಿಟ್ಟು ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಇಳಿಯುವ ಮನುಷ್ಯ ಯಾವಾಗಲೂ ಊರ ಹೊರಗಿನವನೇ. ಇವರ ತಂದೆಯ ಕೆಲಸ ಅದು. ಹಗೇವಿನ ಒಳಮೈಗೆ ಕಣಕಿ ಎಂಬ ಜೋಳದ ಒಣ ದಂಟು, ಹೊಟ್ಟು ಹೊದಿಸುವುದು, ಜೋಳ ತುಂಬುವುದು, ತೆಗೆಯುವುದು. ಇವರಿಗೆ ಒಂಬತ್ತು ವರ್ಷವಿದ್ದಾಗ ಒಂದು ದಿನ ಯಾವುದೋ ವಾಡೆಯಲ್ಲಿ, ಗೌಡರ ದೊಡ್ಡ ಮನೆಯಲ್ಲಿ, ಕಂದೀಲು ಇಳಿಬಿಡಲು ಯಾರಿಗೂ ಪುರುಸೊತ್ತಾಗಲಿಲ್ಲ. ತಂದೆ ಇಳಿದವರು ಮೇಲೆ ಬರಲಿಲ್ಲ.

ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಹಾಜರಿ ಕರೆಯುವ ದನಿಯಲ್ಲಿ.

ಆದರೆ ಹಗೇವು ಅವರನ್ನು ಬಿಡಲಿಲ್ಲ. ಕಾಲೇಜು ಓದುವಾಗ, ಇಳಿಯದೆಯೇ ಒಂದು ಹಗೇವಿನಲ್ಲಿ ಎಷ್ಟು ಜೋಳ ಹಿಡಿಯುತ್ತದೆಂದು ಕಂಡುಹಿಡಿಯುವ ಹಾದಿ ಹುಡುಕಿದರು. ಹಗೇವನ್ನು ರೊಟ್ಟಿಯ ಥಪ್ಪಿ ಎಂದುಕೋ ಎನ್ನುತ್ತಿದ್ದರು. ಒಂದರ ಮೇಲೊಂದು ರೊಟ್ಟಿ. ತಳದಲ್ಲಿ ಸಣ್ಣದು, ನಡುವೆ ದೊಡ್ಡದು, ಮೇಲೆ ಮತ್ತೆ ಸಣ್ಣದು. ಎಲ್ಲ ರೊಟ್ಟಿ ಅಳೆಯಬೇಕಾಗಿಲ್ಲ. ಮೇಲಿನದೊಂದು, ತಳದ್ದೊಂದು, ನಟ್ಟನಡುವಿನ ರೊಟ್ಟಿಯ ನಾಲ್ಕರಷ್ಟು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸು, ಆಳದಿಂದ ಗುಣಿಸು, ಮುಗಿಯಿತು. ಯಾವ ಪುಸ್ತಕವನ್ನೂ ನೋಡದೆ, ಇಪ್ಪತ್ತು ಪುಟದಲ್ಲಿ ಅದು ಯಾಕೆ ಹಾಗೆ ಎಂದು ಸಾಧಿಸಿ ಧಾರವಾಡದ ಒಬ್ಬ ಪ್ರೊಫೆಸರಿಗೆ ಕಳಿಸಿದ್ದರು. ನಾನು ಅವರ ಜೊತೆಗಿದ್ದ ಮೊದಲ ವರ್ಷ ಉತ್ತರ ಬಂತು. ಸಾಧನೆ ಸರಿ ಇದೆ, ಆದರೆ ಈ ಸೂತ್ರವನ್ನು ಪರದೇಶದವನೊಬ್ಬ ಇನ್ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದಾನೆ ಎಂದು.

ಸಿನಿಮಾದ ಹುಡುಗಿ ಇಲ್ಲಿ ಮುಂದಕ್ಕೆ ಬಾಗಿದಳು. "ಆವಾಗರೆ ಅತ್ತಿರಬೇಕಲ್ರಿ ಸರ್?"

ಅಳಲಿಲ್ಲ. ಕಾಗದವನ್ನು ಎರಡು ಸಲ ಓದಿ ದೊಡ್ಡದಾಗಿ ನಕ್ಕರು. "ಅವ ನಮ್ಮೂರ ಹಗೇವು ನೋಡಿದ್ದಿಲ್ಲ, ನಾ ಅವನ ಪುಸ್ತಕ ನೋಡಿದ್ದಿಲ್ಲ. ಆದ್ರೂ ಇಬ್ಬರಿಗೂ ಒಂದ ಉತ್ತರ ಬಂತು ನೋಡ್ರಿ, ಹಿಂದಿ ಮಾಸ್ತರ. ಲೆಕ್ಕಕ್ಕ ಊರ ಒಳಗ, ಊರ ಹೊರಗ ಅನ್ನೂದು ಇಲ್ಲ" ಎಂದರು. ಆ ದಿನ ನನ್ನ ಪಲ್ಯವನ್ನೂ ಚೆನ್ನಾಗಿದೆ ಎಂದರು.

ಎರಡನೆಯ ವರ್ಷ ಸುಗ್ಗಿಯ ಹೊತ್ತಿಗೆ ಶಾಲೆಯ ಗಣಿತ ಮಾಸ್ತರರು ನಿವೃತ್ತರಾದರು. ಬರುವ ಜೂನಿಗೆ ಮ್ಯಾಟ್ರಿಕ್ ವರ್ಗಕ್ಕೆ ಗಣಿತ ಹೇಳುವವರಿಲ್ಲ. ಇವರು ಅರ್ಜಿ ಕೊಟ್ಟರು. ಆ ವರ್ಗ ಬೇಕೆಂಬ ಆಸೆ ಅವರಿಗೆ ಎಷ್ಟಿತ್ತೆಂದರೆ, ಅರ್ಜಿ ಕೊಟ್ಟ ದಿನ ಅಂಗಿಗೆ ಇಸ್ತ್ರಿ ಹಾಕಿಸಿದ್ದರು. ಅಧ್ಯಕ್ಷರು ವಾಡೆಗೆ ಕರೆಸಿದರು. ನಾನೂ ಹೋಗಿದ್ದೆ. ಊರೆಲ್ಲ ಅವರನ್ನು "ಧಣೇರ" ಎನ್ನುತ್ತಿತ್ತು. ಇವರೊಬ್ಬರೇ "ಅಧ್ಯಕ್ಷರ" ಎನ್ನುತ್ತಿದ್ದರು. ಅದು ಅಧ್ಯಕ್ಷರಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

"ಲೆಕ್ಕ ಭಾಳ ಬರ್ತದಂತಲ್ಲ ಮಾಸ್ತರಾ. ನಮ್ಮ ಹಗೇವು ಖಾಲಿ ಐತಿ, ನಾಡದ ತುಂಬತೇವಿ. ಎಷ್ಟು ಚೀಲ ಹಿಡೀತದ ಹೇಳು. ಬರೋಬರಿ ಹೇಳಿದ್ರ ಮ್ಯಾಟ್ರಿಕ್ ವರ್ಗ ನಿನ್ನದ. ಇಳದು ಅಳಕೊಂಡು ಬಾ" ಎಂದರು ಅಧ್ಯಕ್ಷರು.

"ನಾ ಇಳಿಯಂಗಿಲ್ಲರಿ."

"ಯಾಕ? ನಿಮ್ಮ ಮಂದಿ ಇಳಿಯೂದ ಅಲ್ಲೇನು?"

"ನಮ್ಮಪ್ಪ ಇಳಿದಿದ್ದಾರಿ, ಅಷ್ಟ ಸಾಕು. ಮ್ಯಾಲ ನಿಂತ ಅಳೀತೇನಿ, ಅಧ್ಯಕ್ಷರ."

ಒಂದು ಉದ್ದ ಬಿದಿರು ತರಿಸಿದರು. ಅದರ ತುದಿಗೆ ಒಂದು ಅಡ್ಡ ಕೋಲು ತಿರುಗುವ ಹಾಗೆ ಕಟ್ಟಿ, ಅದಕ್ಕೊಂದು ದಾರ ಬಿಗಿದರು. ಬಿದಿರನ್ನು ಒಳಗೆ ಬಿಟ್ಟು ದಾರ ಎಳೆದರೆ ಅಡ್ಡ ಕೋಲು ಮಲಗಿ ಗೋಡೆಗೆ ತಾಗುವುದು, ಎಳೆದ ದಾರದ ಉದ್ದದಿಂದ ಅಗಲ ಗೊತ್ತಾಗುವುದು. ಮೇಲೆ, ನಡುವೆ, ತಳದಲ್ಲಿ, ಮೂರೇ ಅಳತೆ. ವಾಡೆಯ ಕಟ್ಟೆಯ ಮೇಲೆ ಕೂತು ಪಾಟಿಯಲ್ಲಿ ಲೆಕ್ಕ ಮಾಡಿ ಎದ್ದು ನಿಂತರು. "ಎಂಬತ್ಮೂರು ಚೀಲ" ಎಂದರು.

ಮೂರನೆಯ ದಿನ ತುಂಬಿದರು. ಊರಿನ ಅರ್ಧ ಮಂದಿ ಸೇರಿದ್ದರು. ಎಪ್ಪತ್ತಾರನೆಯ ಚೀಲ ಸುರಿದಾಗ ಜೋಳ ಬಾಯಿಗೆ ಬಂತು. ಏಳು ಚೀಲ ಹೊರಗೇ ಉಳಿದವು. ಅಧ್ಯಕ್ಷರು ನಗಲು ಶುರುಮಾಡಿದರು, ಅವರು ನಕ್ಕ ಮೇಲೆ ಎಲ್ಲರೂ ನಕ್ಕರು.

ಇವರು ಹಗೇವಿನ ಬಾಯಿಯ ಹತ್ತಿರ ಕೂತು ಒಳಗೆ ಕೈಬಿಟ್ಟು ಅಂಚನ್ನು ಮುಟ್ಟಿದರು. ಕೈಗೆ ಕಣಕಿ ಸಿಕ್ಕಿತು. ಅವರು ಅಳೆದ ದಿನ ಹಗೇವು ಬರಿಮೈಯಲ್ಲಿತ್ತು. ಆಮೇಲೆ ಒಳಮೈಗೆಲ್ಲ ಕಣಕಿ, ಹೊಟ್ಟು ಹೊದಿಸಿದ್ದರು. ಜೋಳದ ಭಾರಕ್ಕೆ ಅದುಮಿ ಅದು ಎರಡು ಬೆರಳು ದಪ್ಪ ಉಳಿದಿತ್ತು. ಹಗೇವಿನ ಪೂರ್ತಿ ಮೈಗೆ ಎರಡು ಬೆರಳು ಕಳೆದರೆ ಏಳು ಚೀಲ. ಅಲ್ಲೇ ಮಣ್ಣಿನ ಮೇಲೆ ಬೆರಳಿನಿಂದ ಲೆಕ್ಕ ಮಾಡಿ, ಎಪ್ಪತ್ತಾರು ಎಂದು ಬರೆದರು.

"ಮುಗದ ಮ್ಯಾಲ ಯಾರ ಬೇಕಾದವರು ಹೇಳತಾರ" ಎಂದರು ಅಧ್ಯಕ್ಷರು.

"ಖರೆ ಐತ್ರಿ. ನಾ ಸೋತೇನಿ" ಎಂದರು ಇವರು, ಎದ್ದು ಮಣ್ಣು ಕೊಡವಿಕೊಂಡು. "ಆದ್ರ ನಾ ಸೋತದ್ದು ನಿಮಗಲ್ಲ ಅಧ್ಯಕ್ಷರ, ನಮ್ಮಪ್ಪಗ. ಹೊಟ್ಟು ಹೊದಸೂದು ಅವನ ಕೆಲಸ. ಅದನ್ನ ನಾ ಮರತೆ."

ಕೋಣೆಗೆ ಬಂದ ಮೇಲೆ ಆ ಇಪ್ಪತ್ತು ಪುಟ ತೆಗೆದು ಕಡೆಯ ಪುಟದ ಕೆಳಗೆ "ಹೊಟ್ಟು ಮರೆಯಬಾರದು" ಎಂದು ಬರೆದು, ತಾರೀಖು ಹಾಕಿ, ಮಡಿಚಿಟ್ಟರು. ಸಿನಿಮಾದ ಹುಡುಗಿಗೆ ಈ ಪ್ರಸಂಗ ಹಿಡಿಸಲಿಲ್ಲ. ಅವರು ಗೆದ್ದ ಹಾಗೆ ತೋರಿಸಬಹುದೇ ಎಂದು ಕೇಳಿದಳು. ಗೆದ್ದ ಹಾಗೆ ತೋರಿಸಿದರೆ ಅವರ ತಂದೆಯನ್ನು ಎರಡನೆಯ ಸಲ ಹೂತ ಹಾಗೆ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಸೊಸೆ ಒಳಗಿನಿಂದ ಬಂದು ನೋಡಿ ಹೋದಳು.

ಜೂನಿನಲ್ಲಿ ಶಾಲೆ ತೆರೆಯಿತು. ಗಣಿತಕ್ಕೆ ಯಾರೂ ಬರಲಿಲ್ಲ. ಹೆಡ್ ಮಾಸ್ತರರು ತಾವೇ ಹೇಳುತ್ತೇನೆಂದು ವೇಳಾಪತ್ರಿಕೆಯಲ್ಲಿ ಬರೆದುಕೊಂಡರು, ವರ್ಗಕ್ಕೆ ಮಾತ್ರ ಹೋಗಲಿಲ್ಲ. ಮ್ಯಾಟ್ರಿಕ್ ವರ್ಗದಲ್ಲಿ ನಲವತ್ತೊಂಬತ್ತು ಮಕ್ಕಳು, ಹೆಚ್ಚಿನವರು ಬೇಸಾಯದ ಮನೆಯವರು, ಅವರ ಮನೆಗಳಲ್ಲಿ ಮ್ಯಾಟ್ರಿಕ್ ತನಕ ಬಂದವರೇ ಅವರು ಮೊದಲು. ಗಣಿತ ಹೋದರೆ ಪರೀಕ್ಷೆ ಹೋಯಿತು, ಪರೀಕ್ಷೆ ಹೋದರೆ ಮತ್ತೆ ಹೊಲ.

ಇವರು ಜುಲೈ ತಿಂಗಳಲ್ಲಿ ಕವಾಯತಿನ ತಾಸಿನಲ್ಲೇ ಗಣಿತ ಶುರುಮಾಡಿದರು. ಹಲಗೆ ಇಲ್ಲ, ಪುಸ್ತಕವಿಲ್ಲ. ಮಕ್ಕಳೇ ಅಂಕಿಗಳು. ದೂರದಿಂದ ನೋಡಿದವರಿಗೆ ಸೀಟಿ, ಸಾವಧಾನ್, ವಿಶ್ರಾಮ್ ಅಷ್ಟೇ. ಹತ್ತಿರ ಹೋದವರಿಗೆ ಮಾತ್ರ ಗೊತ್ತು. ಹಗ್ಗ ಹಿಡಿದು ಓಡಿದರೆ ವರ್ತುಲ, ಚಾಚಿದ ಕೈ ಸ್ಪರ್ಶರೇಖೆ. ನಾನು ಹಿಂದಿಯ ಆಜ್ಞೆಗಳನ್ನು ಬರೆದುಕೊಟ್ಟಿದ್ದೆ, ಆ ಹೆಮ್ಮೆಗೆ ಆಗಾಗ ಹೋಗಿ ನಿಂತು ನೋಡುತ್ತಿದ್ದೆ.

ಒಂದು ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಏಳು ಸಾಲು, ಸಾಲಿಗೆ ಏಳು ಮಂದಿ, ಒಂದು ಚೌಕ. ಮೇಲಿನ ಎಡ ಮೂಲೆಯ ಮೂರು ಸಾಲಿನ ಮೂರು ಮೂರು ಮಕ್ಕಳನ್ನು ನೆಲಕ್ಕೆ ಕೂರಿಸಿದರು. ಎದುರು ಮೂಲೆಯ ನಾಲ್ಕು ಸಾಲಿನ ನಾಲ್ಕು ನಾಲ್ಕು ಮಕ್ಕಳ ಕೈ ಎತ್ತಿಸಿದರು.

"ಮೂರು ನಾಕು ಕೂಡಿ ಏಳು. ಏಳರ ವರ್ಗ ನಲವತ್ತೊಂಬತ್ತು. ನೀವು ನಿನ್ನೆ ಏನು ಬರದಿದ್ರಿ? ಮೂರರ ವರ್ಗ ಒಂಬತ್ತು, ನಾಕರ ವರ್ಗ ಹದಿನಾರು, ಕೂಡಿದ್ರ ಇಪ್ಪತ್ತೈದು ಅಂತ. ಕೂತವರು ಒಂಬತ್ತು, ಕೈ ಎತ್ತಿದವರು ಹದಿನಾರು, ಬರೋಬರಿ. ಉಳಿದು ಸುಮ್ಮ ನಿಂತವರು ಎಷ್ಟು ಮಂದಿ?"

"ಇಪ್ಪತ್ನಾಲ್ಕು ರಿ ಸರ್."

"ಈ ಇಪ್ಪತ್ನಾಲ್ಕು ಮಂದೀನ ಎಲ್ಲಿ ಕಳಿಸಿದ್ರಿ? ಊರ ಹೊರಗ ಇಟ್ರೇನು?"

ಮಕ್ಕಳು ನಕ್ಕರು. ಆ ವರ್ಗದ ಯಾವ ಮಗುವೂ ಮತ್ತೆ ಆ ತಪ್ಪು ಮಾಡಲಿಲ್ಲ. ನಾನು ಅಲ್ಲಿ ನಿಂತವನು ನಗಲಿಲ್ಲ, ಯಾಕೆಂದರೆ ಆ ಪ್ರಶ್ನೆಯನ್ನು ಕೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಗುಟ್ಟು ಎಷ್ಟು ದಿನ ನಿಂತೀತು. ದಸರೆ ರಜೆ ಮುಗಿದ ಮೇಲೆ ಹೆಡ್ ಮಾಸ್ತರರು ಒಂದು ಕಾಗದ ಬರೆದು ಶಿಕ್ಷಕರ ಕೋಣೆಗೆ ತಂದರು. ಡ್ರಿಲ್ ಮಾಸ್ತರರು ತಮ್ಮದಲ್ಲದ ವಿಷಯ ಹೇಳಿ ಶಾಲೆಯ ಶಿಸ್ತು ಕೆಡಿಸುತ್ತಿದ್ದಾರೆ, ಅವರನ್ನು ಕೆಲಸದಿಂದ ತೆಗೆಯಬೇಕು. ಕೆಳಗೆ ಎಲ್ಲರ ಸಹಿ. ಕಾಗದ ಕೈಯಿಂದ ಕೈಗೆ ಬಂತು. ನನ್ನದು ಎಂಟನೆಯ ಸಹಿ. ಇಂಡಿಯಲ್ಲಿ ತಾಯಿ, ಮದುವೆಯಾಗದ ಇಬ್ಬರು ತಂಗಿಯರು, ಖಾಯಂ ಆಗದ ಕೆಲಸ. ಇವೆಲ್ಲ ಖರೆ. ಆದರೆ ಅವರಿಗೂ ಹಳ್ಳಿಯಲ್ಲಿ ತಾಯಿ ಇದ್ದಳು, ಅವರ ಕೆಲಸವೂ ಖಾಯಂ ಆಗಿರಲಿಲ್ಲ.

ಅಂದು ಶುಕ್ರವಾರ. ಮರುದಿನ ಬೆಳಿಗ್ಗೆ ಅಧ್ಯಕ್ಷರು ತಾವೇ ಮೈದಾನಕ್ಕೆ ಬಂದು ಕಣ್ಣಾರೆ ನೋಡಿ ತೀರ್ಮಾನ ಮಾಡುವರು ಎಂದಾಗಿತ್ತು. ಸಂಜೆ ಕೋಣೆಯಲ್ಲಿ ಅವರು ಎಂದಿನಂತೆ ರೊಟ್ಟಿ ಬಡಿಯುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಕೇಳುವ ಮೊದಲೇ ನಾನು ಕಾಗದದ ಮಾತು ತೆಗೆದೆ.

"ಹೆಡ್ ಮಾಸ್ತರರು ತೋರಿಸಿದ್ರು. ಎಂಟನೇದು ನಿಮ್ಮದ ಅಲ್ಲೇನ್ರಿ?" ಎಂದರು.

"ಹೌದ್ರಿ."

"ಸೊಟ್ಟ ಬಂದೈತಿ." ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. "ನಾಳೆ ಒಂದು ಕೆಲಸ ಐತಿ. ವರ್ಗದಾಗ ಒಬ್ಬಗ ಜ್ವರ ಬಂದೈತಿ. ನಲವತ್ತೆಂಟ ಆದಾರ, ಚೌಕ ಕೂಡಂಗಿಲ್ಲ. ಐದನೇ ಸಾಲಿನಾಗ ಎರಡನೇ ಜಾಗ. ನೀವು ಬಂದು ನಿಂದರ್ರಿ, ಹಿಂದಿ ಮಾಸ್ತರ."

ಅಷ್ಟೇ ಹೇಳಿದ್ದು. ಬೈಯಲಿಲ್ಲ, ಯಾಕೆ ಸಹಿ ಮಾಡಿದಿರಿ ಎಂದು ಕೇಳಲಿಲ್ಲ. ಬೈದಿದ್ದರೆ ನಾನು ತಿರುಗಿ ಮಾತಾಡಿ ಹಗುರಾಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಅಧ್ಯಕ್ಷರು, ಹೆಡ್ ಮಾಸ್ತರರು ಕುರ್ಚಿ ಹಾಕಿಸಿಕೊಂಡು ಕೂತರು. ಸೀಟಿ ಊದಿತು. ಏಳು ಸಾಲು ನಿಂತವು. ಐದನೆಯ ಸಾಲಿನ ಎರಡನೆಯ ಜಾಗ ಖಾಲಿ ಇತ್ತು. ನಾನು ಶಿಕ್ಷಕರ ಕೋಣೆಯ ಕಿಟಕಿಯ ಹಿಂದೆ ನಿಂತಿದ್ದೆ. ಮೈದಾನ ನನ್ನಿಂದ ಮೂವತ್ತು ಹೆಜ್ಜೆ ಇತ್ತು. ನಾನು ಹೋಗಲಿಲ್ಲ.

ಬೇರೆ ಯಾರಾದರೂ ಆ ದಿನ ಬರೀ ಕವಾಯತು ಮಾಡಿಸಿ ಬಚಾವಾಗುತ್ತಿದ್ದರು. ಇವರು ಅಧ್ಯಕ್ಷರ ಮುಂದೆಯೇ ಮೂರು ನಾಲ್ಕರ ಚೌಕ ಮಾಡಿಸಿದರು. ಒಂಬತ್ತು ಮಂದಿ ಕೂತರು, ಹದಿನಾರು ಮಂದಿ ಕೈ ಎತ್ತಿದರು.

"ನಿಂತವರು ಎಷ್ಟು?"

"ಇಪ್ಪತ್ಮೂರು ರಿ ಸರ್" ಎಂದಳು ಒಬ್ಬ ಹುಡುಗಿ.

"ಇಪ್ಪತ್ನಾಲ್ಕು. ಬರದಿದ್ದವರೂ ಲೆಕ್ಕದಾಗ ಇರತಾರ."

ಅಧ್ಯಕ್ಷರು ಎದ್ದು ಬಂದರು. "ಆ ಜಾಗ ಯಾಕ ಖಾಲಿ ಐತಿ?"

"ಒಬ್ಬರು ಬರೂರು ಅದಾರ್ರಿ. ಅವರ ಜಾಗ."

"ಇದು ಡ್ರಿಲ್ಲೋ, ಲೆಕ್ಕೋ, ಮಾಸ್ತರಾ?"

"ಎರಡೂ ರಿ, ಅಧ್ಯಕ್ಷರ."

"ನಾಳೆಯಿಂದ ಬರಬ್ಯಾಡ ನೀ."

"ಪರೀಕ್ಷಾ ಮುಗಿಯೂ ತನಕ ಬರ್ತೇನಿ. ಮುಗಿದ ಮರುದಿನ ನೀವು ಕರದ್ರೂ ಬರಂಗಿಲ್ಲ. ಈಗ ತೆಗಿಯೂದಿದ್ರ ಕಾಗದದಾಗ ಬರದು ಕೊಡ್ರಿ, ಮಕ್ಕಳಿಗೆ ಲೆಕ್ಕ ಕಲಿಸಿದ್ದಕ್ಕ ತೆಗದೇವಿ ಅಂತ. ಕಟ್ಟು ಹಾಕಿಸಿ ಮನ್ಯಾಗ ತೂಗು ಬಿಡ್ತೇನಿ."

ಅಂಥ ಕಾಗದ ಬರೆಯಲು ಯಾರಿಗೆ ಧೈರ್ಯ ಬರಬೇಕು. ಅದು ಶಿಕ್ಷಣ ಖಾತೆಯ ಸಾಹೇಬರ ಕೈಗೆ ಹೋದರೆ ಗಣಿತಕ್ಕೆ ಮಾಸ್ತರರೇ ಇಲ್ಲ ಎಂಬ ಮಾತೂ ಹೊರಬೀಳುತ್ತದೆ. ಹತ್ತು ಸಹಿಯ ಕಾಗದ ಹೆಡ್ ಮಾಸ್ತರರ ಮೇಜಿನಲ್ಲೇ ಉಳಿಯಿತು. ಇವರು ಮಾರ್ಚಿನವರೆಗೂ ಬಂದರು. ಜ್ವರದ ಹುಡುಗ ಸೋಮವಾರ ಬಂದು ತನ್ನ ಜಾಗದಲ್ಲಿ ನಿಂತ. ಪರೀಕ್ಷೆಯಲ್ಲಿ ಗಣಿತಕ್ಕೆ ಕೂತ ಮಕ್ಕಳೆಲ್ಲ ಪಾಸಾದರು. ನನ್ನ ಹಿಂದಿಯಲ್ಲಿ ಐವರು ಫೇಲಾದರು. ಹಾರ ಯಾರೂ ತರಲಿಲ್ಲ.

ಹೇಳಿದಂತೆ ಪರೀಕ್ಷೆ ಮುಗಿದ ಮರುದಿನವೇ ಟ್ರಂಕು ಕಟ್ಟಿದ್ದರು. ಮುದ್ದೇಬಿಹಾಳದ ಕಡೆಯ ಒಂದು ಶಾಲೆಯಲ್ಲಿ ಗಣಿತದ ಕೆಲಸವೇ ಸಿಕ್ಕಿತ್ತು. ಅಲ್ಲಿ ಮೂವತ್ತು ವರ್ಷ ಕಲಿಸಿದರು. ಹೋಗುವಾಗ ಆ ನೀರಿನ ಕೊಡ ನನಗೆ ಬಿಟ್ಟು ಹೋದರು. ಅದನ್ನು ಶಿಕ್ಷಕರ ಕೋಣೆಯಲ್ಲೇ ಇಟ್ಟೆ, ಸುಣ್ಣದ ಅಕ್ಷರ ಅಳಿಸಿದಾಗಲೆಲ್ಲ ನಾನೇ ಬರೆದೆ. ಆಮೇಲೆ ಕುಡಿಯುವಾಗ ಬಾಗಿಲ ಕಡೆ ನೋಡಲಿಲ್ಲ. ಇಷ್ಟನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ.

ಪ್ರತಿ ರಂಜಾನ್ ಹಬ್ಬಕ್ಕೆ ಅವರಿಂದ ಒಂದು ಕಾರ್ಡು ಬರುತ್ತಿತ್ತು. ಶುಭಾಶಯ ಇರುತ್ತಿರಲಿಲ್ಲ, ಒಂದು ಲೆಕ್ಕ ಇರುತ್ತಿತ್ತು. ಒಂದೂ ಬಿಡಿಸಲು ನನಗೆ ಆಗಲಿಲ್ಲ. ನಾಲ್ಕಾರು ವರ್ಷದ ಮೇಲೆ ಒಮ್ಮೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಚಹಾ ಕುಡಿದೆವು. ಬಸ್ಸು ಹೊರಡುವ ಹೊತ್ತಿಗೆ ಧೈರ್ಯ ಮಾಡಿ, "ಆ ಶನಿವಾರ..." ಎಂದು ಶುರುಮಾಡಿದೆ.

"ಜಾಗ ಇನ್ನೂ ಖಾಲಿ ಐತ್ರಿ, ಹಿಂದಿ ಮಾಸ್ತರ. ಅವಸರ ಏನಿಲ್ಲ" ಎಂದು ಬಸ್ಸು ಹತ್ತಿದರು.

ಸಿನಿಮಾದ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಕ್ಯಾಮೆರಾದ ಹುಡುಗ ಬೆಳಕಿನ ಮಾತು ಮರೆತು ಕೂತಿದ್ದ. ಅವಳು, "ನೀವು ಓಡಿ ಹೋಗಿ ನಿಂತ್ರಿ ಅಂತ ತೋರಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ ಸರ್, ಚಂದ ಆಗ್ತದ" ಎಂದಳು. ನಿಜವೇ, ಆ ದಿನ ಅಲ್ಲಿದ್ದ ದೊಡ್ಡವರಲ್ಲಿ ಈಗ ಉಳಿದವನು ನಾನೊಬ್ಬ. ತೋರಿಸಬೇಡ ಎಂದೆ. ಹಾಗಿದ್ದರೆ ಆ ಶನಿವಾರವನ್ನೇ ಬಿಡುತ್ತೇನೆ, ಸಿನಿಮಾ ಉದ್ದವಾಗುತ್ತದೆ ಎಂದಳು.

ಹೋದ ವಾರ ಅದೇ ಊರಿನ ಅದೇ ಮೈದಾನದಲ್ಲಿ ಕವಾಯತಿನ ದೃಶ್ಯ ತೆಗೆದರು. ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂಡಿಸಿದರು, ಅಧ್ಯಕ್ಷರು ಕೂತಿದ್ದ ಜಾಗದಲ್ಲೇ. ಆಗಿನ ಕಾಲದ ಖಾಕಿ ಬಟ್ಟೆ ತೊಟ್ಟ ಶಾಲೆಯ ಮಕ್ಕಳು ಏಳು ಸಾಲು ನಿಂತರು. ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬ ತರುಣ ಅವರ ಪಾರ್ಟು ಮಾಡುತ್ತಿದ್ದ. ಒಂದು ಮಗು ಬಂದಿರಲಿಲ್ಲ.

"ಒಬ್ಬರು ಕಡಿಮಿ ಅದಾರ" ಎಂದೆ.

"ಕ್ಯಾಮೆರಾದಾಗ ಗೊತ್ತಾಗಂಗಿಲ್ಲ ಬಿಡ್ರಿ ಸರ್" ಎಂದಳು ಹುಡುಗಿ.

ನಾನು ಕೋಲು ಊರಿ ಎದ್ದೆ. ಐದನೆಯ ಸಾಲು, ಎರಡನೆಯ ಜಾಗ. ಅಲ್ಲಿದ್ದ ಮಗುವನ್ನು ಬಂದಿರದ ಮಗುವಿನ ಜಾಗಕ್ಕೆ ಸರಿಸಿ, ಅದರ ಜಾಗದಲ್ಲಿ ನಿಂತೆ. ಆ ಮೂವತ್ತು ಹೆಜ್ಜೆಗೆ ನನಗೆ ಬಹಳ ಹೊತ್ತು ಹಿಡಿಯಿತು.

"ಸರ್, ನೀವು ಕ್ಯಾಮೆರಾದಾಗ ಬರಾಕತ್ತೀರಿ. ಸ್ವಲ್ಪ ಹೊರಗ ಬರ್ರಿ" ಎಂದು ಅವಳು ಕೂಗಿದಳು.

"ಬರಂಗಿಲ್ಲ" ಎಂದೆ.

ಪಕ್ಕದ ಹುಡುಗ ನನ್ನ ಬಿಳಿ ಗಡ್ಡ ನೋಡಿ ಮೆಲ್ಲಗೆ ಕೇಳಿದ, "ಅಜ್ಜಾರ, ನಿಮ್ಮದು ಯಾರ ಪಾರ್ಟ್ ರಿ?"

"ನಂದ" ಎಂದೆ.

ಅವಳು ಎರಡು ಸಲ ಕರೆದು ಬಿಟ್ಟಳು. ಕ್ಯಾಮೆರಾದ ಹುಡುಗನಿಗೆ ನಡೆಯಲಿ ಎಂದು ಸನ್ನೆ ಮಾಡಿದಳು. ಸೀಟಿ ಊದಿತು. ಒಂಬತ್ತು ಮಕ್ಕಳು ಕೂತರು, ಹದಿನಾರು ಮಕ್ಕಳು ಕೈ ಎತ್ತಿದರು. ಪಾರ್ಟಿನ ತರುಣ ಬರೆದುಕೊಟ್ಟಂತೆ ಕೇಳಿದ, "ನಿಂತವರು ಎಷ್ಟು?"

ಮಕ್ಕಳು ಇನ್ನೂ ಎಣಿಸುತ್ತಿದ್ದರು. ನನಗೆ ಎಣಿಸುವ ಅಗತ್ಯವಿರಲಿಲ್ಲ.

"ಇಪ್ಪತ್ನಾಲ್ಕು ರಿ ಸರ್" ಎಂದೆ.